ರೆಪ್ಪೆ ಮೊದಲೋ, ಪೊರೆ ಮೊದಲೋ? ಅಮ್ಮನ ಕಣ್ಣಿನ ಬಗ್ಗೆ ಇಬ್ಬರು ವೈದ್ಯರದು ಎರಡು ಮಾತು

ಸಂಜೆಬೆಳಕು:
ನಮ್ಮ ತಾಯಿಗೆ ಈಗ 68 ವರ್ಷ. ಎರಡೂ ಕಣ್ಣುಗಳಲ್ಲಿ ಪೊರೆ ಇದೆ, ಬಲಗಣ್ಣಿನಲ್ಲಿ ಹೆಚ್ಚು. ಅದರ ಜೊತೆಗೆ ನಾಲ್ಕೈದು ವರ್ಷಗಳಿಂದ ಮೇಲಿನ ರೆಪ್ಪೆಗಳು ನಿಧಾನವಾಗಿ ಇಳಿಯುತ್ತಾ ಬಂದಿವೆ. ಬಲಗಡೆಯ ರೆಪ್ಪೆ ಈಗ ಪಾಪೆಯ ಮೇಲಂಚನ್ನು ಮುಟ್ಟಿದೆ. ಓದಲು ಕುಳಿತರೆ ಎಡಗೈಯಲ್ಲಿ ಪುಸ್ತಕ ಹಿಡಿದು ಬಲಗೈಯ ತೋರುಬೆರಳಿನಿಂದ ರೆಪ್ಪೆಯನ್ನು ಎತ್ತಿ ಹಿಡಿದುಕೊಂಡೇ ಓದುತ್ತಾರೆ. ಪುಟ ತಿರುಗಿಸಲು ಬೆರಳು ತೆಗೆದರೆ ರೆಪ್ಪೆ ಮತ್ತೆ ಇಳಿಯುತ್ತದೆ. ದಿನವಿಡೀ ಹುಬ್ಬೇರಿಸಿಕೊಂಡೇ ಇರುವುದರಿಂದ ಸಂಜೆಯ ಹೊತ್ತಿಗೆ ಹಣೆ ನೋಯುತ್ತದೆ ಎನ್ನುತ್ತಾರೆ.

ಪೊರೆಯ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಮೊದಲು ಪೊರೆ ತೆಗೆಯೋಣ, ರೆಪ್ಪೆಯ ವಿಚಾರ ಆಮೇಲೆ ನೋಡೋಣ ಎಂದರು. ರೆಪ್ಪೆಯ ಶಸ್ತ್ರಚಿಕಿತ್ಸಕರು ರೆಪ್ಪೆಯನ್ನು ಸರಿಪಡಿಸಿದ ಮೇಲೆ ಲೆನ್ಸಿನ ಅಳತೆ ತೆಗೆಯುವುದು ಒಳ್ಳೆಯದು ಎಂದರು. ಇಬ್ಬರೂ ಅನುಭವಿಗಳು, ಇಬ್ಬರೂ ತಾಳ್ಮೆಯಿಂದ ಮಾತನಾಡಿದರು. ಯಾವುದನ್ನು ಮೊದಲು ಮಾಡಿಸಬೇಕು? ಎರಡನ್ನೂ ಮಾಡಿಸಿಕೊಂಡವರು ಅಥವಾ ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ನೇರನುಡಿ:
ಪೊರೆಯೇ ಮೊದಲು. ಕಾಣಿಸುವುದು ಮುಖ್ಯ, ರೆಪ್ಪೆಯ ಅಂದ ಆಮೇಲೆ.

ಥಿಯೇಟರ್‌ಸಿಸ್ಟರ್:
ಇದು ಅಂದದ ಪ್ರಶ್ನೆಯಲ್ಲ. ಬೆರಳಿನಿಂದ ರೆಪ್ಪೆ ಎತ್ತಿಕೊಂಡು ಓದುವವರಿಗೆ ರೆಪ್ಪೆಯೂ ದೃಷ್ಟಿಗೆ ಅಡ್ಡಿಯಾಗಿದೆ ಎಂದೇ ಅರ್ಥ.

ಕಣ್ಣಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬಹಳ ವರ್ಷ ದಾದಿಯಾಗಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಯಾವುದು ಮೊದಲು ಎಂದು ಕೇಳುವ ಮುನ್ನ ರೆಪ್ಪೆ ಯಾಕೆ ಇಳಿದಿದೆ ಎಂಬುದು ಗೊತ್ತಾಗಿರಬೇಕು. ಬೆಳಿಗ್ಗೆ ಎದ್ದಾಗ ರೆಪ್ಪೆ ಚೆನ್ನಾಗಿದ್ದು ಸಂಜೆಗೆ ಇಳಿಯುತ್ತದೆಯೇ, ಅಥವಾ ದಿನವಿಡೀ ಒಂದೇ ಸಮ ಇರುತ್ತದೆಯೇ? ಯಾವಾಗಲಾದರೂ ಒಂದು ವಸ್ತು ಎರಡಾಗಿ ಕಂಡಿದೆಯೇ? ಎರಡೂ ಪಾಪೆಗಳು ಒಂದೇ ಗಾತ್ರದಲ್ಲಿವೆಯೇ? ಹತ್ತು ಹದಿನೈದು ವರ್ಷ ಹಿಂದಿನ ಫೋಟೋದಲ್ಲಿ ರೆಪ್ಪೆ ಹೇಗಿದೆ? ಜೋತಿರುವುದು ರೆಪ್ಪೆಯ ಅಂಚೇ, ಇಲ್ಲವೇ ಅದರ ಮೇಲಿನ ಸಡಿಲ ಚರ್ಮವೇ? ಚರ್ಮ ಮಾತ್ರ ಜೋತಿದ್ದರೆ ಅದನ್ನು ಕತ್ತರಿಸಿ ತೆಗೆಯುವ ಚಿಕಿತ್ಸೆಯೇ ಬೇರೆ, ರೆಪ್ಪೆ ಎತ್ತುವ ಸ್ನಾಯು ಸೋತಿದ್ದರೆ ಮಾಡುವ ಚಿಕಿತ್ಸೆಯೇ ಬೇರೆ.

ಇನ್ನೊಂದು ಮಾತನ್ನು ಓದುವವರೆಲ್ಲರಿಗೂ ಹೇಳಬೇಕು. ವರ್ಷಗಟ್ಟಲೆ ನಿಧಾನವಾಗಿ ಇಳಿದ ರೆಪ್ಪೆಗೆ ಆತುರವಿಲ್ಲ. ಆದರೆ ಒಂದೆರಡು ದಿನಗಳಲ್ಲಿ ದಿಢೀರನೆ ಒಂದು ರೆಪ್ಪೆ ಇಳಿದು, ಅದೇ ಕಣ್ಣಿನ ಪಾಪೆ ದೊಡ್ಡದಾಗಿ, ತಲೆನೋವೂ ಎರಡೆರಡು ಕಾಣುವುದೂ ಇದ್ದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಮೆದುಳಿನ ರಕ್ತನಾಳದ ಉಬ್ಬು, ಕಣ್ಣನ್ನೂ ರೆಪ್ಪೆಯನ್ನೂ ಆಡಿಸುವ ಮೂರನೆಯ ನರವನ್ನು ಒತ್ತಿದಾಗ ಹೀಗೆ ಆಗುತ್ತದೆ.

ದೃಷ್ಟಿಮಾಪಕ:
ಕಣ್ಣಿನ ಅಳತೆ ತೆಗೆಯುವುದು ನನ್ನ ವೃತ್ತಿ. ರೆಪ್ಪೆಯ ಶಸ್ತ್ರಚಿಕಿತ್ಸಕರು ಹೇಳಿದ ಮಾತಿಗೆ ಕಾರಣವಿದೆ, ಅದನ್ನು ಬಿಡಿಸಿ ಹೇಳುತ್ತೇನೆ.

ಪೊರೆ ತೆಗೆದ ಜಾಗದಲ್ಲಿ ಇಡುವ ಲೆನ್ಸಿಗೆ ಎಷ್ಟು ಶಕ್ತಿ ಇರಬೇಕೆಂಬುದು ಮುಖ್ಯವಾಗಿ ಎರಡು ಅಳತೆಗಳಿಂದ ನಿರ್ಧಾರವಾಗುತ್ತದೆ: ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಎಷ್ಟು ಉದ್ದವಿದೆ ಮತ್ತು ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಎಷ್ಟು ಬಾಗಿದೆ ಎಂಬುದು. ದೊಡ್ಡವರ ಕಣ್ಣು ಸುಮಾರು 23ರಿಂದ 24 ಮಿಲಿಮೀಟರ್ ಉದ್ದವಿರುತ್ತದೆ. ಈ ಅಳತೆಯಲ್ಲಿ 1 ಮಿಲಿಮೀಟರ್ ತಪ್ಪಿದರೂ ಕನ್ನಡಕದ ಲೆಕ್ಕದಲ್ಲಿ ಎರಡೂವರೆ ಡಯಾಪ್ಟರಿನಷ್ಟು ವ್ಯತ್ಯಾಸವಾಗುತ್ತದೆ. ಇಳಿದ ರೆಪ್ಪೆ ದಿನವಿಡೀ ಕಾರ್ನಿಯಾದ ಮೇಲೆ ಒರಗಿ ಅದರ ಬಾಗನ್ನು ಕೊಂಚ ಬದಲಿಸಿರಬಹುದು. ರೆಪ್ಪೆಯನ್ನು ಎತ್ತಿ ಹೊಲಿದ ಮೇಲೆ ಆ ಒತ್ತಡ ಹೋಗಿ ಬಾಗು ಮತ್ತೆ ಬದಲಾಗುತ್ತದೆ. ಮೊದಲು ಅಳತೆ ತೆಗೆದು ಲೆನ್ಸ್ ಇಟ್ಟು ಆಮೇಲೆ ರೆಪ್ಪೆ ಎತ್ತಿದರೆ, ಲೆಕ್ಕ ಹಾಕಿದ್ದ ಕಾರ್ನಿಯಾ ಒಂದು, ಈಗಿರುವ ಕಾರ್ನಿಯಾ ಇನ್ನೊಂದು ಎಂದಾಗುತ್ತದೆ.

ಮನೆಯಲ್ಲೇ ಗಮನಿಸಬಹುದಾದ ಒಂದು ಸಂಗತಿಯೂ ಇದೆ. ತಾಯಿಯವರು ರೆಪ್ಪೆಯನ್ನು ಬೆರಳಿನಿಂದ ಎತ್ತಿದಾಗ ಅಕ್ಷರಗಳು ಸ್ಪಷ್ಟವಾಗುತ್ತವೆಯೇ, ಅಥವಾ ಬೆಳಕು ಹೆಚ್ಚಾಗಿಯೂ ಅಕ್ಷರ ಮಸುಕಾಗಿಯೇ ಉಳಿಯುತ್ತದೆಯೇ? ಎತ್ತಿದಾಗಲೂ ಮಸುಕಾಗಿದ್ದರೆ ಆ ಮಸುಕಿಗೆ ರೆಪ್ಪೆ ಕಾರಣವಲ್ಲ, ಹೆಚ್ಚಾಗಿ ಪೊರೆಯೇ ಕಾರಣ.

ಹಳೆಯಕನ್ನಡಕ:
ದೃಷ್ಟಿಮಾಪಕರ ಮಾತಿಗೆ ನನ್ನ ತಕರಾರಿದೆ. ತತ್ವ ಸರಿ, ಆದರೆ ಅದಕ್ಕೆ ಕೊಟ್ಟ ತೂಕ ಹೆಚ್ಚಾಯಿತು. ರೆಪ್ಪೆ ಎತ್ತಿದ ಮೇಲೆ ಕಾರ್ನಿಯಾದಲ್ಲಿ ಆಗುವ ಬದಲಾವಣೆ ಹೆಚ್ಚಿನವರಲ್ಲಿ ಅತ್ಯಲ್ಪ. ದೂರದ ನೋಟಕ್ಕೆ ಸಾಮಾನ್ಯ ಲೆನ್ಸ್ ಇಡಿಸಿಕೊಂಡು, ಓದಲು ಕನ್ನಡಕ ಹಾಕಿಕೊಳ್ಳಲು ಒಪ್ಪುವವರಿಗೆ ಇದು ದೊಡ್ಡ ತೊಡಕಾಗುವುದಿಲ್ಲ. ದೃಷ್ಟಿವಕ್ರತೆಯನ್ನೂ (ಕಾರ್ನಿಯಾ ಎಲ್ಲ ಕಡೆ ಒಂದೇ ಸಮ ಬಾಗಿರದೆ ಬರುವ ಮಸುಕು) ತಿದ್ದುವ ಟೋರಿಕ್ ಲೆನ್ಸ್ ಹಾಕಿಸಿಕೊಳ್ಳುವವರು ಮಾತ್ರ ಈ ವಿಷಯವನ್ನು ನಿಜಕ್ಕೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪೊರೆ ಮೊದಲು ಎನ್ನುವುದಕ್ಕೂ ಒಂದು ಬಲವಾದ ಕಾರಣವಿದೆ. ಪೊರೆ ತೆಗೆಯುವಾಗ ರೆಪ್ಪೆಗಳನ್ನು ಅಗಲಿಸಿ ಹಿಡಿಯಲು ತಂತಿಯ ಒಂದು ಸಾಧನವನ್ನು ಇಡುತ್ತಾರೆ. ವಯಸ್ಸಾದವರಲ್ಲಿ ರೆಪ್ಪೆ ಎತ್ತುವ ಸ್ನಾಯುವಿನ ತುದಿಯ ಪದರ ಮೊದಲೇ ತೆಳುವಾಗಿರುತ್ತದೆ, ಆ ಎಳೆತಕ್ಕೆ ಇನ್ನಷ್ಟು ಸಡಿಲವಾಗಿ ಪೊರೆಯ ಚಿಕಿತ್ಸೆಯ ನಂತರ ರೆಪ್ಪೆ ಮತ್ತೆ ಇಳಿದವರಿದ್ದಾರೆ. ಹಾಗಿರುವಾಗ ಹೊಲಿದು ಸರಿಪಡಿಸಿದ ರೆಪ್ಪೆಯನ್ನು ಕೆಲವೇ ತಿಂಗಳಲ್ಲಿ ಮತ್ತೆ ಎಳೆದು ಅಗಲಿಸುವುದು ಯಾಕೆ?

ದೃಷ್ಟಿಮಾಪಕ:
ಟೋರಿಕ್ ಲೆನ್ಸಿನ ಮಾತನ್ನು ನಾನೇ ಮೊದಲು ಹೇಳಬೇಕಿತ್ತು, ಒಪ್ಪುತ್ತೇನೆ. ಆದರೂ ಬದಲಾವಣೆ ಎಲ್ಲರಲ್ಲೂ ಅತ್ಯಲ್ಪ ಎಂದುಕೊಳ್ಳಬೇಡಿ. ರೆಪ್ಪೆ ಬಹಳ ಇಳಿದವರಲ್ಲಿ ಅದು ಗಮನಕ್ಕೆ ಬರುವಷ್ಟು ಇರಬಹುದು.

ಅರೆನಿದ್ರೆ:
ನನ್ನ ಅನುಭವ ಹೇಳಲೇಬೇಕು, ಏಕೆಂದರೆ ನನ್ನ ರೆಪ್ಪೆಗೆ ಕತ್ತಿ ಬೀಳುವುದು ಒಂದೇ ಒಂದು ಪ್ರಶ್ನೆಯಿಂದ ತಪ್ಪಿತು.

ನನ್ನ ಎಡರೆಪ್ಪೆ ಇಳಿಯುತ್ತಿತ್ತು. ಒಂದು ಆಸ್ಪತ್ರೆಯಲ್ಲಿ ಐದು ನಿಮಿಷ ನೋಡಿ, ವಯಸ್ಸಿನ ಪ್ರಭಾವ, ಬಿಗಿಗೊಳಿಸಿದರಾಯಿತು ಎಂದು ದಿನಾಂಕ ಕೊಟ್ಟರು. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆಯ ವೈದ್ಯರು ಊಟ ಅಗಿಯುವಾಗ ಕೊನೆಯಲ್ಲಿ ದವಡೆ ಸೋಲುತ್ತದೆಯೇ ಎಂದು ಕೇಳಿದರು. ಸೋಲುತ್ತಿತ್ತು, ಆದರೆ ಅದಕ್ಕೂ ಕಣ್ಣಿಗೂ ಸಂಬಂಧವಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅವರು ಅಲ್ಲಿಯೇ ಮೇಲೆ ನೋಡುತ್ತಲೇ ಇರಿ ಎಂದರು. ಒಂದು ನಿಮಿಷ ಕಳೆಯುವಷ್ಟರಲ್ಲಿ ರೆಪ್ಪೆ ಕುಸಿಯತೊಡಗಿತು. ಆಮೇಲೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟರು. ತೆಗೆದಾಗ ರೆಪ್ಪೆ ಕಣ್ಣಿಗೆ ಕಾಣುವಷ್ಟು ಮೇಲೇರಿತ್ತು. ಅದು ಮಯಸ್ತೇನಿಯಾ ಗ್ರೇವಿಸ್, ನರದಿಂದ ಸ್ನಾಯುವಿಗೆ ಸಂದೇಶ ತಲುಪುವ ಜಾಗದಲ್ಲಿರುವ ತೊಂದರೆ. ಈಗ ಮಾತ್ರೆಗಳಿಂದಲೇ ರೆಪ್ಪೆ ಸರಿಯಾಗಿದೆ. ಅಂದು ಯಾರೂ ಕೇಳದಿದ್ದರೆ, ಗಳಿಗೆಗೊಮ್ಮೆ ಎತ್ತರ ಬದಲಾಗುವ ರೆಪ್ಪೆಯನ್ನು ಒಂದು ಎತ್ತರಕ್ಕೆ ಹೊಲಿದುಬಿಡುತ್ತಿದ್ದರು. ಆದ್ದರಿಂದ ತಾಯಿಯವರಿಗೆ ಈ ಪರೀಕ್ಷೆ ಆಗಿದೆಯೇ ಎಂದು ದಯವಿಟ್ಟು ಕೇಳಿ. ರಕ್ತಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕೆಲವರಲ್ಲಿ ಈ ರೋಗ ಇರಬಹುದು ಎಂದು ನನ್ನ ವೈದ್ಯರು ಹೇಳಿದ್ದರು.

ಸಂಜೆಬೆಳಕು:
ಎಲ್ಲರಿಗೂ ಕೃತಜ್ಞತೆಗಳು. ಸಿಸ್ಟರ್ ಕೇಳಿದ ಪ್ರಶ್ನೆಗಳಿಗೆ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಉತ್ತರ ಬರೆಯುತ್ತಿದ್ದೇನೆ. ರೆಪ್ಪೆ ಬೆಳಿಗ್ಗೆಯೂ ಇಳಿದೇ ಇರುತ್ತದೆ, ಸಂಜೆಗೆ ತುಸು ಹೆಚ್ಚು ಅನ್ನಿಸುತ್ತದೆ. ಎರಡೆರಡು ಕಂಡಿಲ್ಲ. ಪಾಪೆಗಳು ಸಮವಾಗಿವೆ. ಹಳೆಯ ಫೋಟೋದಲ್ಲಿ ರೆಪ್ಪೆಗಳು ಚೆನ್ನಾಗಿವೆ, ಆಗ ರೆಪ್ಪೆಯ ಅಂಚಿನ ಹತ್ತಿರದಲ್ಲೇ ಇದ್ದ ಮಡಿಕೆ ಈಗ ಮೇಲಕ್ಕೆ ಹುಬ್ಬಿನ ಕಡೆಗೆ ಸರಿದಿದೆ. ಮಂಜುಗಡ್ಡೆಯ ಪರೀಕ್ಷೆಯನ್ನು ರೆಪ್ಪೆಯ ವೈದ್ಯರು ಮಾಡಿದ್ದರು, ಏನೂ ಬದಲಾಗಲಿಲ್ಲ. ಬೆರಳಿನಿಂದ ಎತ್ತಿದಾಗ ಪುಟದ ಮೇಲ್ಭಾಗ ಕಾಣುತ್ತದೆ, ಆದರೆ ಸಣ್ಣ ಅಕ್ಷರ ಆಗಲೂ ಮಂಜಾಗಿಯೇ ಇರುತ್ತದೆಯಂತೆ.

ಬಲಗಣ್ಣಿನಲ್ಲಿ ಯಾವಾಗಲೂ ನೀರು ಸುರಿಯುತ್ತದೆ, ಬೆಳಿಗ್ಗೆ ಪಿಸುರು ಅಂಟಿರುತ್ತದೆ. ಪೊರೆ ಬಲಿತಿದ್ದರಿಂದ ಹೀಗೆ ಎಂದು ನಾವು ಅದನ್ನು ವೈದ್ಯರ ಹತ್ತಿರ ಹೇಳಿರಲಿಲ್ಲ.

ಥಿಯೇಟರ್‌ಸಿಸ್ಟರ್:
ಪೊರೆಯಿಂದ ಕಣ್ಣಲ್ಲಿ ಪಿಸುರು ಬರುವುದಿಲ್ಲ. ಈ ಒಂದು ವಾಕ್ಯ ನಿಮ್ಮ ಇಡೀ ಪ್ರಶ್ನೆಯನ್ನೇ ಬದಲಿಸುತ್ತದೆ, ದಯವಿಟ್ಟು ನಾಳೆಯೇ ವೈದ್ಯರಿಗೆ ತಿಳಿಸಿ.

ಕಣ್ಣೀರು ಮೇಲಿನ ಮತ್ತು ಕೆಳಗಿನ ರೆಪ್ಪೆಯ ಅಂಚಿನಲ್ಲಿ ಮೂಗಿನ ಬದಿಗಿರುವ ಸಣ್ಣ ರಂಧ್ರಗಳ ಮೂಲಕ ಒಂದು ಪುಟ್ಟ ಚೀಲಕ್ಕೆ ಇಳಿದು, ಅಲ್ಲಿಂದ ನಾಳದ ಮೂಲಕ ಮೂಗಿನೊಳಕ್ಕೆ ಹೋಗುತ್ತದೆ. ಆ ನಾಳ ಮುಚ್ಚಿದರೆ ಚೀಲದಲ್ಲಿ ನೀರು ನಿಂತು ಕೀವಾಗುತ್ತದೆ. ಹಾಗೆ ಕೀವಿನ ಚೀಲ ಪಕ್ಕದಲ್ಲಿರುವಾಗ ಕಣ್ಣನ್ನು ತೆರೆದು ಲೆನ್ಸ್ ಇಟ್ಟರೆ ಸೋಂಕು ಕಣ್ಣಿನೊಳಗೆ ಸೇರುವ ಅಪಾಯವಿದೆ. ಒಳಗಣ್ಣಿನ ಸೋಂಕು ಕೆಲವೇ ದಿನಗಳಲ್ಲಿ ದೃಷ್ಟಿಯನ್ನೇ ಕಳೆಯಬಲ್ಲದು. ನಮ್ಮಲ್ಲಿ ಪೊರೆಯ ಚಿಕಿತ್ಸೆಗೆ ಬಂದವರ ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯ ಕೆಳಗೆ ಬೆರಳಿಟ್ಟು ಮೆಲ್ಲನೆ ಒತ್ತಿ, ರಂಧ್ರದಿಂದ ಏನಾದರೂ ಹೊರಬರುತ್ತದೆಯೇ ಎಂದು ನೋಡದೆ ಒಳಗೆ ಕಳುಹಿಸುತ್ತಿರಲಿಲ್ಲ. ಅನುಮಾನ ಬಂದರೆ ಮೊಂಡುತುದಿಯ ಸಣ್ಣ ಸೂಜಿಯಿಂದ ಕೆಳರೆಪ್ಪೆಯ ರಂಧ್ರಕ್ಕೆ ನೀರು ಹಾಯಿಸುತ್ತೇವೆ. ದಾರಿ ತೆರೆದಿದ್ದರೆ ಗಂಟಲಿಗೆ ಉಪ್ಪುನೀರು ಬಂತು ಎಂದು ರೋಗಿಯೇ ಹೇಳುತ್ತಾರೆ. ಮುಚ್ಚಿದ್ದರೆ ಆ ನೀರು ಮೇಲಿನ ರಂಧ್ರದಿಂದ ವಾಪಸ್ಸು ಬರುತ್ತದೆ, ಕೆಲವೊಮ್ಮೆ ಕೀವಿನ ಜೊತೆಗೆ.

ನೇರನುಡಿ:
ನಾನು ಮೊದಲು ಬರೆದ ಸಾಲನ್ನು ಹಿಂತೆಗೆದುಕೊಳ್ಳುತ್ತೇನೆ. ಪಿಸುರಿನ ವಿಷಯ ಗೊತ್ತಾಗದೆಯೇ ಪೊರೆ ಮೊದಲು ಎಂದುಬಿಟ್ಟೆ.

ಕಿರುಹಣತೆ:
ರೆಪ್ಪೆಯೇ ಮೊದಲು ಎಂದು ಅನುಮಾನವಿಲ್ಲದೆ ಹೇಳಬಹುದಾದ ಸಂದರ್ಭವೂ ಇದೆ. ನಮ್ಮ ತಂದೆಯ ಕೆಳರೆಪ್ಪೆ ಒಳಕ್ಕೆ ಮಡಚಿಕೊಂಡು ರೆಪ್ಪೆಗೂದಲುಗಳು ಕಾರ್ನಿಯಾವನ್ನು ಉಜ್ಜುತ್ತಿದ್ದವು. ಎರಡು ಮೂರು ವಾರಕ್ಕೊಮ್ಮೆ ಚಿಮಟದಿಂದ ಕೂದಲು ಕೀಳಿಸುತ್ತಿದ್ದೆವು, ಮತ್ತೆ ಮೊಳೆತಾಗ ಮೊದಲಿಗಿಂತ ಚೂಪಾಗಿ ಚುಚ್ಚುತ್ತಿದ್ದವು. ಕಣ್ಣಿಗೆ ಬಣ್ಣದ ಹನಿ ಹಾಕಿ ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾರ್ನಿಯಾದ ಕೆಳಭಾಗದಲ್ಲಿ ಗೀರುಗಳು ಸಾಲಾಗಿ ಹೊಳೆಯುತ್ತಿದ್ದುದನ್ನು ವೈದ್ಯರು ನನಗೂ ಪರದೆಯಲ್ಲಿ ತೋರಿಸಿದರು. ಅಂಥ ಕಾರ್ನಿಯಾದ ಮೇಲೆ ಅಳತೆಯೂ ಸರಿಯಾಗಿ ಸಿಗುವುದಿಲ್ಲ, ಗಾಯಕ್ಕೆ ಸೋಂಕೂ ತಗಲಬಹುದು ಎಂದು ರೆಪ್ಪೆಯನ್ನು ಹೊರಕ್ಕೆ ತಿರುಗಿಸಿ ಹೊಲಿದು, ಕಾರ್ನಿಯಾ ವಾಸಿಯಾದ ಮೇಲೆಯೇ ಪೊರೆ ತೆಗೆದರು. ಟ್ರಕೋಮಾ ಎಂಬ ಸೋಂಕು ಮತ್ತೆ ಮತ್ತೆ ಬಂದವರಲ್ಲಿ ಮೇಲಿನ ರೆಪ್ಪೆಯೂ ಒಳಗಿನ ಗಾಯದ ಕಲೆಯಿಂದ ಹೀಗೆಯೇ ಮಡಚಿಕೊಳ್ಳುತ್ತದೆಯಂತೆ.

ಮೌನಮಾತು:
ವಿಷಯ ಸ್ವಲ್ಪ ಪಕ್ಕದ್ದು, ಆದರೂ ರೆಪ್ಪೆಯ ಮಾತು ಬಂದಿದ್ದರಿಂದ ಕೇಳುತ್ತೇನೆ. ನನ್ನ ಅತ್ತೆಯ ಮೇಲಿನ ರೆಪ್ಪೆಯಲ್ಲಿ ಬಟಾಣಿಯಷ್ಟು ಗಂಟು, ನೋವಿಲ್ಲ. ಎರಡು ಸಲ ಕೆರೆದು ತೆಗೆಸಿದರೂ ಅದೇ ಜಾಗದಲ್ಲಿ ಮತ್ತೆ ಬಂದಿದೆ. ಈ ಸಲ ತುಣುಕನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು ಎಂದಿದ್ದಾರೆ. ಹೆದರಬೇಕೇ?

ಥಿಯೇಟರ್‌ಸಿಸ್ಟರ್:
ಹೆದರಬೇಡಿ, ಆದರೆ ಖಂಡಿತ ಕಳುಹಿಸಿ. ರೆಪ್ಪೆಯಲ್ಲಿ ಎಣ್ಣೆ ಸುರಿಸುವ ಗ್ರಂಥಿಗಳ ಬಾಯಿ ಕಟ್ಟಿಕೊಂಡು ಆಗುವ ಗಂಟು ಬಹಳ ಸಾಮಾನ್ಯ. ಬಿಸಿ ಶಾಖ ಕೊಟ್ಟರೆ ಎಷ್ಟೋ ಸಲ ಕರಗುತ್ತದೆ, ಕರಗದಿದ್ದರೆ ರೆಪ್ಪೆಯನ್ನು ಮಗುಚಿ ಒಳಭಾಗದಿಂದ ಸೀಳಿ ಕೆರೆದು ತೆಗೆಯುತ್ತಾರೆ, ಹೊರಗೆ ಕಲೆಯೂ ಉಳಿಯುವುದಿಲ್ಲ. ಆದರೆ ವಯಸ್ಸಾದವರಲ್ಲಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ಗಂಟು, ಅದರಲ್ಲೂ ಆ ಭಾಗದ ರೆಪ್ಪೆಗೂದಲು ಉದುರಿದ್ದರೆ, ಎಣ್ಣೆಗ್ರಂಥಿಯ ಕ್ಯಾನ್ಸರ್ ಆಗಿರಬಹುದು. ಅದು ಸಾಮಾನ್ಯ ಗಂಟಿನಂತೆಯೇ ವೇಷ ಹಾಕಿಕೊಂಡು ಬರುತ್ತದೆ, ಒಂದು ಕಣ್ಣಲ್ಲಿ ಮಾತ್ರ ಬಿಡದೆ ಕಾಡುವ ರೆಪ್ಪೆಯ ಉರಿಯೂತದಂತೆಯೂ ಕಾಣಿಸಿಕೊಳ್ಳುತ್ತದೆ. ಬೇಗ ಗೊತ್ತಾದರೆ ಆ ಭಾಗವನ್ನು ಕತ್ತರಿಸಿ ತೆಗೆದು ರೆಪ್ಪೆಯನ್ನು ಮರುರಚಿಸಬಹುದು. ಮನೆಗೆ ಹೋಗಿ ಕನ್ನಡಿಯ ಮುಂದೆ ಅವರ ರೆಪ್ಪೆಗೂದಲುಗಳನ್ನು ಒಮ್ಮೆ ನೋಡಿ.

ಹಗಲುಚುಕ್ಕೆ:
ರೆಪ್ಪೆ ಎತ್ತುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳು ನಾನು. ಮುಂದೆ ತಾಯಿಯವರಿಗೂ ಅದು ಇರುವುದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪೂರ್ಣ ಅರಿವಳಿಕೆ ಕೊಡಲಿಲ್ಲ, ರೆಪ್ಪೆಗೆ ಮಾತ್ರ ಚುಚ್ಚುಮದ್ದು. ಚುಚ್ಚುವಾಗ ಉರಿ ಚೆನ್ನಾಗಿಯೇ ಇತ್ತು, ಆಮೇಲೆ ಎಳೆದಂತಾಗುವುದು ಬಿಟ್ಟರೆ ನೋವಿಲ್ಲ. ಅರ್ಧದಲ್ಲಿ ನನ್ನನ್ನು ಎಬ್ಬಿಸಿ ಮೇಜಿನ ಮೇಲೆ ಕೂರಿಸಿ, ನೇರ ನೋಡಿ, ಮೇಲೆ ನೋಡಿ, ಮುಚ್ಚಿ ಎಂದರು. ಬಲಗಡೆ ಅರ್ಧ ಮಿಲಿಮೀಟರ್ ಹೆಚ್ಚಾಯಿತು ಎಂದು ಮತ್ತೆ ಮಲಗಿಸಿ ಒಂದು ಹೊಲಿಗೆ ಬಿಚ್ಚಿ ಹಾಕಿದರು. ಎಚ್ಚರವಾಗಿ ಇರಿಸುವುದು ಇದಕ್ಕೇ, ಮಲಗಿ ನಿದ್ರಿಸುತ್ತಿರುವವರ ರೆಪ್ಪೆಯ ಎತ್ತರವನ್ನು ಹೀಗೆ ಅಳೆಯಲಾಗದು.

ನನಗೆ ಮೊದಲು ಹೇಳಿದ್ದು ಬಲಗಡೆ ಮಾತ್ರ ಮಾಡಿದರೆ ಸಾಕೆಂದು. ಆದರೆ ಬಲರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು ನೋಡಿದಾಗ ಎಡರೆಪ್ಪೆ ತಾನಾಗಿ ಇಳಿಯಿತು. ಎರಡೂ ರೆಪ್ಪೆಗಳಿಗೆ ಮೆದುಳಿನಿಂದ ಸಮನಾದ ಆಜ್ಞೆ ಹೋಗುತ್ತದೆ. ಇಳಿದ ರೆಪ್ಪೆಯನ್ನು ಎತ್ತಲು ಹೆಚ್ಚು ಶ್ರಮ ಹಾಕುವಾಗ ಇನ್ನೊಂದೂ ಅದರ ಜೊತೆಗೆ ಎತ್ತಿಕೊಂಡಿರುತ್ತದೆ, ಶ್ರಮ ತಪ್ಪಿದ ಕೂಡಲೇ ಅದರ ನಿಜವಾದ ಸ್ಥಿತಿ ಬಯಲಾಗುತ್ತದೆ. ಹೀಗಾಗಿ ಎರಡನ್ನೂ ಒಟ್ಟಿಗೆ ಮಾಡಿದರು.

ಆಮೇಲಿನ ಮೂರು ವಾರ ಕಷ್ಟದವು. ನಿದ್ರೆಯಲ್ಲಿ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ರಾತ್ರಿ ಮುಲಾಮು ಹಚ್ಚದಿದ್ದರೆ ಬೆಳಿಗ್ಗೆ ಕಣ್ಣಲ್ಲಿ ಮರಳು ತುಂಬಿದಂತಾಗುತ್ತಿತ್ತು.

ಹಳೆಯಕನ್ನಡಕ:
ಈ ಕೊನೆಯ ಮಾತು ಬಹಳ ಮುಖ್ಯ. ಪೊರೆಯ ಚಿಕಿತ್ಸೆಯೂ ಕೆಲವು ತಿಂಗಳು ಕಣ್ಣನ್ನು ಒಣಗಿಸುತ್ತದೆ, ರೆಪ್ಪೆ ಎತ್ತಿದರೂ ಕಣ್ಣು ಹೆಚ್ಚು ತೆರೆದುಕೊಂಡು ಒಣಗುತ್ತದೆ. ಎರಡನ್ನೂ ಬೆನ್ನುಬೆನ್ನಿಗೆ ಮಾಡಿಸಬಾರದು ಎನ್ನುವುದಕ್ಕೆ ಇದೇ ಕಾರಣ ಸಾಕು. ಕಣ್ಣು ಮುಚ್ಚಿದಾಗ ಗುಡ್ಡೆ ಮೇಲಕ್ಕೆ ಹೊರಳುತ್ತದೆಯೇ ಎಂದು ಮೊದಲೇ ನೋಡಿರಬೇಕು. ಹೊರಳದವರಲ್ಲಿ ರೆಪ್ಪೆಯನ್ನು ಹೆಚ್ಚು ಎತ್ತಿದರೆ ನಿದ್ರೆಯಲ್ಲಿ ಕಾರ್ನಿಯಾ ಗಾಳಿಗೆ ಬಿದ್ದು ಹುಣ್ಣಾಗಬಹುದು.

ರಕ್ತ ತೆಳುಮಾಡುವ ಮಾತ್ರೆಯ ಬಗ್ಗೆಯೂ ಯಾರೂ ಕೇಳಲಿಲ್ಲ. ಹನಿ ಔಷಧದ ಅರಿವಳಿಕೆಯಲ್ಲಿ ಮಾಡುವ ಪೊರೆಯ ಚಿಕಿತ್ಸೆಗೆ ಸಾಮಾನ್ಯವಾಗಿ ಅದನ್ನು ನಿಲ್ಲಿಸಬೇಕಾಗಿಲ್ಲ. ರೆಪ್ಪೆ ಮತ್ತು ಕಣ್ಣೀರಿನ ಚೀಲದ ಚಿಕಿತ್ಸೆಯಲ್ಲಿ ರಕ್ತಸ್ರಾವದ ಚಿಂತೆ ಹೆಚ್ಚು. ಹಾಗೆಂದು ಸ್ವಂತ ನಿರ್ಧಾರದಿಂದ ನಿಲ್ಲಿಸುವುದು ಹೃದಯಕ್ಕೆ ಅಪಾಯ, ಅದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು.

ದೃಷ್ಟಿಮಾಪಕ:
ಅಳತೆಗೆ ನಾನು ಯಾಕೆ ಇಷ್ಟು ಮಹತ್ವ ಕೊಡುತ್ತೇನೆ ಎಂಬುದಕ್ಕೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿಯವರು ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಲೆನ್ಸ್ ಇಟ್ಟರು. ಯುದ್ಧವಿಮಾನಗಳ ಚಾಲಕರ ಕಣ್ಣಿಗೆ ಸಿಡಿದ ಪ್ಲಾಸ್ಟಿಕ್ ಚೂರುಗಳು ಒಳಗೇ ಇದ್ದರೂ ಉರಿಯೂತ ಎಬ್ಬಿಸದಿದ್ದುದನ್ನು ಗಮನಿಸಿ ಅವರು ಅದೇ ಬಗೆಯ ಪ್ಲಾಸ್ಟಿಕ್ ಆರಿಸಿದ್ದರು. ಲೆನ್ಸ್ ಒಳಗೆ ನಿಂತಿತು, ಆದರೆ ಅದರ ಶಕ್ತಿಯ ಲೆಕ್ಕ ತಪ್ಪಿ ಆ ರೋಗಿಗೆ ಭಾರಿ ಸಮೀಪದೃಷ್ಟಿ ಬಂತು. ಶಸ್ತ್ರಚಿಕಿತ್ಸೆ ಗೆದ್ದಿತ್ತು, ಅಳತೆ ಸೋತಿತ್ತು.

ಸಂಜೆಬೆಳಕು:
ಹೋಗಿ ಬಂದೆವು. ಒಳಮೂಲೆಯ ಕೆಳಗೆ ಒತ್ತಿದಾಗಲೇ ಹಳದಿ ಕೀವು ಬಂತು. ನೀರು ಹಾಯಿಸಿದಾಗ ಅಮ್ಮನಿಗೆ ಗಂಟಲಲ್ಲಿ ಏನೂ ತಿಳಿಯಲಿಲ್ಲ, ಎಲ್ಲವೂ ಮೇಲಿನ ರಂಧ್ರದಿಂದ ಕೆನ್ನೆಯ ಮೇಲೆ ಹರಿಯಿತು. ಅಷ್ಟು ದಿನ ಆ ಪಿಸುರನ್ನು ಸೆರಗಿನಿಂದ ಒರೆಸಿಕೊಂಡು ಸುಮ್ಮನಿದ್ದರಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ಇಬ್ಬರು ವೈದ್ಯರೂ ಒಬ್ಬರಿಗೊಬ್ಬರು ಫೋನಿನಲ್ಲಿ ಮಾತನಾಡಿ ಈಗ ಒಂದೇ ಕ್ರಮಕ್ಕೆ ಬಂದಿದ್ದಾರೆ. ಮೊದಲು ಕಣ್ಣೀರಿನ ಚೀಲದಿಂದ ಮೂಗಿಗೆ ಮೂಳೆಯಲ್ಲಿ ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆ. ಕೆಲವು ವಾರಗಳ ನಂತರ ಮತ್ತೆ ನೀರು ಹಾಯಿಸಿ, ದಾರಿ ತೆರೆದಿದೆ ಮತ್ತು ಸೋಂಕಿಲ್ಲ ಎಂದು ಖಚಿತವಾದ ಮೇಲೆ ಬಲಗಣ್ಣಿನ ಪೊರೆ, ಸಾಮಾನ್ಯ ಲೆನ್ಸ್. ಬೆರಳಿನಿಂದ ಎತ್ತಿದಾಗಲೂ ಅಕ್ಷರ ಮಂಜಾಗಿರುವುದರಿಂದ ರೆಪ್ಪೆಗಿಂತ ಪೊರೆಯೇ ಮುಂದಿರಲಿ ಎಂದು ರೆಪ್ಪೆಯ ವೈದ್ಯರೇ ಒಪ್ಪಿದರು. ಎರಡೂ ಕಣ್ಣಿನ ಪೊರೆ ಮುಗಿದು ಕೆಲವು ತಿಂಗಳಾದ ಮೇಲೆ ಎರಡೂ ರೆಪ್ಪೆ ಒಟ್ಟಿಗೆ. ಅಲ್ಲಿಯವರೆಗೆ ಓದಲು, ರೆಪ್ಪೆಯನ್ನು ಎತ್ತಿ ಹಿಡಿಯುವ ಸಣ್ಣ ತಂತಿಯುಳ್ಳ ಕನ್ನಡಕದ ಚೌಕಟ್ಟನ್ನು ಮಾಡಿಸಿಕೊಡಬಹುದು ಎಂದಿದ್ದಾರೆ.

ಥಿಯೇಟರ್‌ಸಿಸ್ಟರ್:
ಒಳ್ಳೆಯ ಕ್ರಮ. ಚೀಲದ ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರು ಹೇಳುವವರೆಗೆ ಜೋರಾಗಿ ಗಾಳಿ ಊದಿ ಮೂಗಿನ ಸಿಂಬಳ ತೆಗೆಯದಂತೆ ಅಮ್ಮನಿಗೆ ಹೇಳಿ. ಸ್ವಲ್ಪ ರಕ್ತ ಮೂಗಿನಲ್ಲಿ ಒಸರಿದರೆ ಗಾಬರಿಯಾಗಬೇಡಿ, ಧಾರೆಯಾಗಿ ಬಂದರೆ ಕೂಡಲೇ ತಿಳಿಸಿ. ಪೊರೆ ತೆಗೆದ ನಂತರದ ದಿನಗಳಲ್ಲಿ ನೋವು ಹೆಚ್ಚಾಗುತ್ತಾ, ಕಣ್ಣು ಕೆಂಪಾಗಿ, ದೃಷ್ಟಿ ಇಳಿದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಅಂದೇ ಹೋಗಿ. ರೆಪ್ಪೆಯ ಸರದಿ ಬಂದಾಗ ಆ ಹಳೆಯ ಫೋಟೋವನ್ನು ಮರೆಯದೆ ಕೊಂಡೊಯ್ಯಿರಿ, ಮಡಿಕೆಯನ್ನು ಎಲ್ಲಿ ಕೂರಿಸಬೇಕೆಂದು ಅವರು ಅದನ್ನು ನೋಡಿಯೇ ಗುರುತು ಹಾಕುತ್ತಾರೆ.

ಮೌನಮಾತು:
ಅತ್ತೆಯ ರೆಪ್ಪೆ ನೋಡಿದೆ. ಗಂಟಿನ ಮೇಲೆ ನಾಲ್ಕೈದು ಕೂದಲು ಇಲ್ಲ. ಸೋಮವಾರ ತುಣುಕು ತೆಗೆಯಲು ಸಮಯ ಸಿಕ್ಕಿದೆ, ಫಲಿತಾಂಶ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.